ಹಾಸನದಲ್ಲಿ ಕೂತು ಎನ್‌ಬಿಎ ಸೀಸನ್ ನೋಡೋದು ಹೇಗೆ: 82 ಮ್ಯಾಚಲ್ಲಿ 25 ಆರಿಸ್ಕೊಳ್ಳಿ

ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಹೆಚ್ಚುಕಮ್ಮಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸೀಸನ್ನೂ ಶುರುವಾಗತ್ತೆ, ಆಮೇಲೆ ಸಕಲೇಶಪುರದ ಕಡೆ ಕಾಫಿ ಕುಯ್ಲು ಮುಗಿದು ಮಕ್ಕಳ ಪರೀಕ್ಷೆನೂ ಮುಗಿದು ಏಪ್ರಿಲ್ ಬಂದ್ರೂ ರೆಗ್ಯುಲರ್ ಸೀಸನ್, ಅಂದ್ರೆ ಪ್ಲೇಆಫ್ ಅನ್ನೋ ನಾಕೌಟ್ ಹಂತಕ್ಕೆ ಮುಂಚಿನ ಮ್ಯಾಚುಗಳು, ಇನ್ನೂ ನಡೀತಾನೇ ಇರತ್ತೆ. 30 ಟೀಮು, ಒಂದೊಂದಕ್ಕೂ 82 ಮ್ಯಾಚು, ಒಟ್ಟು 1230. ನನ್ನ ಪ್ರಕಾರ ಇದು ಕಡಿಮೆ ಆಗ್ಲೇಬೇಕು. ಲೀಗಿನವರು ಮಾಡೋವರೆಗೂ ನಾವೇ ನಮ್ಮ ಸೀಸನ್ ಚಿಕ್ಕದು ಮಾಡ್ಕೋಬೇಕು, ಮೊದಲ ವರ್ಷ ನಾನು ಎಲ್ಲಾ ನೋಡಕ್ಕೆ ಹೋಗಿ ಡಿಸೆಂಬರಲ್ಲೇ ಸಾಕಾಗಿ ಬಿಟ್ಟಿದ್ದೆ, ಅದು ನಿಮಗೆ ಆಗ್ಬಾರ್ದು.

ಮೊದಲು ಟೈಮ್ ತಿಳ್ಕೊಳ್ಳಿ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ನ್ಯೂಯಾರ್ಕಿಗೂ ನಮಗೂ ಹತ್ತೂವರೆ ಗಂಟೆ ವ್ಯತ್ಯಾಸ, ಉಳಿದಾಗ ಒಂಬತ್ತೂವರೆ. ಅಲ್ಲಿ ಸಂಜೆ 7:30ರ ಮ್ಯಾಚ್ ಚಳಿಗಾಲದಲ್ಲಿ ನಮಗೆ ಬೆಳಗ್ಗೆ 6ಕ್ಕೆ, ಲಾಸ್ ಏಂಜಲಿಸ್ ಕಡೆದಾದ್ರೆ 9ಕ್ಕೆ. ಹಾಗಾಗಿ ಬೆಳಗ್ಗೆ ಕೆಲಸಕ್ಕೆ ಹೋಗೋರು ಬಾಸ್ಟನ್, ನ್ಯೂಯಾರ್ಕ್ ಥರ ಪೂರ್ವದ ಟೀಮ್ ಹಿಡ್ಕೊಂಡ್ರೆ ಒಳ್ಳೇದು.

ಎರಡನೇದು ತುಂಬಾ ಮುಖ್ಯ. ರಾತ್ರಿ ಮಲಗೋ ಮುಂಚೆ ಇಂಜುರಿ ರಿಪೋರ್ಟ್ ನೋಡಿ, ನಿಮ್ಮ ಇಷ್ಟದ ಪ್ಲೇಯರ್ ಹೆಸರಿನ ಮುಂದೆ ಔಟ್ ಅಂತಿದ್ರೆ ಅಲಾರಂ ತೆಗೆದು ಮಲಗಿ. ಆ ಚಳಿಲಿ ಎದ್ದು ಕಾಫಿ ಮಾಡ್ಕೊಂಡು ಕೂತ್ರೆ ನಾವು ಕಾಯ್ತಿದ್ದೋನು ಕೋಟ್ ಹಾಕ್ಕೊಂಡು ಬೆಂಚಲ್ಲಿ ಕೂತಿರ್ತಾನೆ, ಎಷ್ಟು ನೋವಾಗತ್ತೆ ಗೊತ್ತಾ. ಬ್ಯಾಕ್ ಟು ಬ್ಯಾಕ್ ಅಂದ್ರೆ ಒಂದೇ ಟೀಮ್ ಸತತ ಎರಡು ದಿನ ಆಡೋದು, ಅದ್ರಲ್ಲಿ ಎರಡನೇ ದಿನದ ಮ್ಯಾಚನ್ನಂತೂ ಲಿಸ್ಟಿಂದಾನೇ ತೆಗೀರಿ.

ರೆಸ್ಟ್ ತಗೊಂಡ್ರು ಅಂತ ಆಟಗಾರರನ್ನ ಬೈಯೋದು ಮಾತ್ರ ಬೇಡ. 2018-19ರಲ್ಲಿ ಟೊರಾಂಟೊ ಟೀಮಿನ ಸ್ಟಾರ್ ಕವಾಯ್ ಲೆನರ್ಡ್ ಆಡಿದ್ದು 82ರಲ್ಲಿ 60 ಮ್ಯಾಚ್, ಜೂನಲ್ಲಿ ಟೊರಾಂಟೊನೇ ಚಾಂಪಿಯನ್ ಆಯ್ತು, ರೆಸ್ಟ್ ಕೆಲಸ ಮಾಡತ್ತೆ ಅಂತ ಎಲ್ರಿಗೂ ಗೊತ್ತಾಯ್ತು. 2023-24ರಿಂದ 65 ಮ್ಯಾಚ್ ಆಡದೇ ಇದ್ರೆ ಎಂವಿಪಿ, ಅಂದ್ರೆ ಸೀಸನ್ನಿನ ಅತ್ಯುತ್ತಮ ಆಟಗಾರ ಪ್ರಶಸ್ತಿ, ಇಲ್ಲ ಅಂತ ರೂಲ್ ತಂದ್ರು. ರೂಲಿಂದ ಮಂಡಿ ವಾಸಿಯಾಗಲ್ವಲ್ಲ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಟೀಮಿನ ಕೋಚ್ ಸ್ಟೀವ್ ಕರ್ 72 ಸಾಕು ಅಂತಾರೆ, ನಾನು ಇನ್ನೂ ಇಳಿಸ್ತೀನಿ: 29 ಎದುರಾಳಿಗಳು, ಪ್ರತಿಯೊಬ್ಬರ ಜೊತೆ ಮನೇಲೊಂದು ಅವರೂರಲ್ಲೊಂದು, 58. ಆದ್ರೆ ಸೀಸನ್ನಿನ ದಿನ ಅಷ್ಟೇ ಇಟ್ಟು ಮ್ಯಾಚ್ ಕಮ್ಮಿ ಮಾಡ್ಬೇಕು, 2011-12ರಲ್ಲಿ ಲಾಕೌಟ್ (ಮಾಲೀಕರು, ಆಟಗಾರರ ಒಪ್ಪಂದದ ಜಗಳಕ್ಕೆ ಲೀಗ್ ನಿಂತಿದ್ದು) ಆಗಿ 66 ಆಡಿದಾಗ ದಿನಗಳೂ ಕಮ್ಮಿಯಾಗಿ ಮೂರು ದಿನ ಸತತ ಆಡೋ ಪರಿಸ್ಥಿತಿ ಬಂತು, ಅದ್ರಿಂದ ಏನೂ ಪ್ರಯೋಜನ ಇಲ್ಲ. ಕಷ್ಟ ಇರೋದು ದುಡ್ಡಲ್ಲಿ. 41 ಹೋಮ್ ಮ್ಯಾಚ್ 29ಕ್ಕಿಳಿದ್ರೆ ಟಿಕೆಟ್ ದುಡ್ಡು ಹೋಗತ್ತೆ, ಆಟಗಾರರ ಸಂಬಳ ಆದಾಯದ ಪಾಲಲ್ಲೇ ಬರೋದ್ರಿಂದ ಅದೂ ಇಳಿಯತ್ತೆ, ಗೇಟಲ್ಲಿ ನಿಲ್ಲೋ, ತಿಂಡಿ ಮಾರೋ ಜನಕ್ಕೂ 12 ದಿನದ ಕೂಲಿ ಹೋಗತ್ತೆ. ಇದು ನಿಜವಾದ ತೊಂದರೆ, ಆದ್ರೂ ಇಳಿಸ್ಬೇಕು ಅಂತಾನೇ ನಾನು ಹೇಳೋದು.

ಈಗ 25ರ ಲೆಕ್ಕ. ಶುರುವಿನ ವಾರದಲ್ಲಿ ಎರಡು ಮ್ಯಾಚ್. ನವೆಂಬರಲ್ಲಿ ಎನ್‌ಬಿಎ ಕಪ್ (ಸೀಸನ್ ಮಧ್ಯೆನೇ ನಡೆಯೋ ಚಿಕ್ಕ ಟೂರ್ನಿ) ಗ್ರೂಪಲ್ಲಿ ನಿಮ್ಮ ಟೀಮಿನ ನಾಲ್ಕು, ಬಹುತೇಕ ನಮ್ಮ ಬುಧವಾರ ಇಲ್ಲ ಶನಿವಾರ ಬೆಳಗ್ಗೆ ಬರತ್ತೆ, ಗೆಲ್ಲಲೇಬೇಕಾದ ಮ್ಯಾಚ್ ಆಗಿರೋದ್ರಿಂದ ಮನಸಿಟ್ಟು ಆಡ್ತಾರೆ. ಕ್ರಿಸ್‌ಮಸ್ ದಿನದ ಮೊದಲ ಮ್ಯಾಚ್ ನಮಗೆ ರಾತ್ರಿ 10:30ಕ್ಕೆ, ಅದೊಂದು. ಡಿಸೆಂಬರಿಂದ ಫೆಬ್ರವರಿ ಮಧ್ಯದವರೆಗೆ ಭಾನುವಾರ ಬೆಳಗ್ಗೆ ಮಾತ್ರ ಒಂದೊಂದು, ಸುಮಾರು ಹತ್ತಾಗತ್ತೆ, ನಿಮ್ಮ ಟೀಮ್ ಇಲ್ಲದಿದ್ರೂ ಒಳ್ಳೇ ಮ್ಯಾಚ್ ನೋಡಿ.

ಉಳಿದ ಎಂಟನ್ನ ಮಾರ್ಚ್ ಏಪ್ರಿಲ್‌ಗೆ ಎತ್ತಿಡಿ. ಲೀಗನ್ನ ಪೂರ್ವ, ಪಶ್ಚಿಮ ಅಂತ ಎರಡು ಕಾನ್ಫರೆನ್ಸ್ ಮಾಡಿದಾರೆ, ಒಂದೊಂದರಲ್ಲೂ ಮೊದಲ ಆರು ಟೀಮ್ ನೇರ ಪ್ಲೇಆಫ್‌ಗೆ ಹೋಗತ್ತೆ, 7ರಿಂದ 10ನೇ ಸ್ಥಾನದೋರು ಉಳಿದ ಜಾಗಕ್ಕೆ ಪ್ಲೇಇನ್ ಮ್ಯಾಚ್ ಆಡ್ಬೇಕು, ಹಾಗಾಗಿ ಆಗಿನ ಕಾನ್ಫರೆನ್ಸ್ ಪಟ್ಟಿಲಿ 5ರಿಂದ 8ರವರೆಗೆ ಇರೋ ಟೀಮುಗಳು ಎದುರುಬದರಾಗೋ ದಿನಕ್ಕೆ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ, ಮಾರ್ಚ್ ಮಧ್ಯದ ಮೇಲೆ ಅಲಾರಂ 5ಕ್ಕೆ ಬದಲಾಯಿಸೋದು ಮರೀಬೇಡಿ.