ಬುರ್ಗ್ ಎಲ್ಟ್ಸ್ ನೋಡುವುದು ಹೇಗೆ: ಒಂದೇ ಅಂಗಳ, ಮೂರು ದಾಯಾದಿ ಮನೆಗಳು

ಜರ್ಮನಿಯ ಕೋಟೆ ಅಂದ್ರೆ ಎಲ್ಲರೂ ನೊಯ್‌ಶ್ವಾನ್‌ಸ್ಟೈನ್‌ಗೆ ಓಡುತ್ತಾರೆ. ಚೆಂದವೇನೋ ಹೌದು, ಆದರೆ ಅದನ್ನು ಕಟ್ಟಲು ಶುರು ಮಾಡಿದ್ದೇ 1869ರಲ್ಲಿ. ನಿಜಕ್ಕೂ ಹಳೇ ಕೋಟೆ ನೋಡಬೇಕಾ? ಕೊಬ್ಲೆನ್ಸ್ ಮತ್ತು ಟ್ರಿಯರ್ ನಡುವೆ, ಮೊಸೆಲ್ ನದಿಗೆ ಹತ್ತಿರದ ಕಾಡಿನಲ್ಲಿರುವ ಬುರ್ಗ್ ಎಲ್ಟ್ಸ್‌ಗೆ ಹೋಗಿ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ 1157ರಲ್ಲಿ ಕೊಟ್ಟ ದಾನಪತ್ರಕ್ಕೆ ಎಲ್ಟ್ಸ್ ಮನೆತನದ ರುಡಾಲ್ಫ್ ಸಾಕ್ಷಿ ಹಾಕಿದ್ದಾನೆ. ಕೋಟೆ ಇವತ್ತಿಗೂ ಅದೇ ಮನೆತನದ ಕೈಯಲ್ಲಿದೆ.

ಹೋಗುವ ಮೊದಲು ಒಂದು ವಿಷಯ ತಿಳಿದಿರಲಿ, ಇಲ್ಲದಿದ್ದರೆ ಸುಮ್ನೆ ಗೋಪುರ ಎಣಿಸಿಕೊಂಡು ವಾಪಸ್ ಬರುತ್ತೀರಿ. ಇದು ಒಬ್ಬ ದೊರೆಯ ಕೋಟೆ ಅಲ್ಲ, ದಾಯಾದಿಗಳದ್ದು. 1268ಕ್ಕೂ ಮುಂಚೆಯೇ ಎಲಿಯಾಸ್, ವಿಲ್ಹೆಲ್ಮ್, ಥಿಯೋಡೆರಿಕ್ ಎಂಬ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡರು, ಆದರೆ ಕೋಟೆಯಲ್ಲಿ ಮೂವರಿಗೂ ಹಕ್ಕು ಉಳಿಯಿತು. ಮುಂದೆ ರ‍್ಯೂಬೆನಾಖ್, ರೋಡೆನ್‌ಡಾರ್ಫ್, ಕೆಂಪೆನಿಖ್ ಎಂಬ ಮೂರು ಕವಲುಗಳು ಒಂದೇ ಅಂಗಳದ ಸುತ್ತ ತಮ್ಮ ತಮ್ಮ ಮನೆ ಎಬ್ಬಿಸಿಕೊಂಡವು. ಒಂಥರಾ ಕಲ್ಲಿನ ವಠಾರ.

ರೈಲಿನಲ್ಲಿ ಬರುವವರು ಮೊಸೆಲ್‌ಕೆರ್ನ್ ನಿಲ್ದಾಣದಲ್ಲಿ ಇಳಿದು ಹಳ್ಳದ ಪಕ್ಕದ ಕಾಡುದಾರಿಯಲ್ಲಿ ನಡೆಯಬೇಕು, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ, ಮಳೆ ಬಂದಿದ್ದರೆ ಕೆಸರು ಗ್ಯಾರಂಟಿ, ಒಳ್ಳೇ ಶೂ ಹಾಕಿಕೊಳ್ಳಿ. ಕಾರಿನವರಿಗೆ ಮೇಲ್ಗಡೆ ಪಾರ್ಕಿಂಗ್ ಇದೆ, ಅಲ್ಲಿಂದ ಸಣ್ಣ ಬಸ್ಸೂ ಸಿಗುತ್ತದೆ. ಚಳಿಗಾಲದಲ್ಲಿ ಕೋಟೆ ಮುಚ್ಚಿರುತ್ತದೆ, ದಿನಾಂಕ ನೋಡಿಕೊಂಡೇ ಹೊರಡಿ.

ಕಂಡ ತಕ್ಷಣ ಒಳಗೆ ನುಗ್ಗಬೇಡಿ. ದೂರದಲ್ಲೇ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಸುಮಾರು 70 ಮೀಟರ್ ಎತ್ತರದ ಬಂಡೆ, ಅದರ ಮೂರು ಕಡೆ ಎಲ್ಟ್ಸ್‌ಬಾಖ್ ಹಳ್ಳ. ಬಂಡೆ ಹೇಗೆ ತಿರುಗಿದೆಯೋ ಗೋಡೆಯೂ ಹಾಗೇ ತಿರುಗಿದೆ, ಅದಕ್ಕೇ ಒಳಗಿನ ಕೋಣೆಗಳು ಅಂಕುಡೊಂಕು. ಅಕ್ಕಪಕ್ಕ ಜಾಗ ಇಲ್ಲ, ಕುಟುಂಬ ಮಾತ್ರ ಬೆಳೆಯುತ್ತಲೇ ಇದೆ, ಏನು ಮಾಡೋದು? ಮೇಲಕ್ಕೆ ಹೋದರು. ಕೆಲವು ಮನೆಗಳು ಎಂಟು ಅಂತಸ್ತು! ಕೆಳಗೆ ದಪ್ಪ ಕಲ್ಲುಗೋಡೆ, ಮೇಲೆ ಮರದ ಚೌಕಟ್ಟಿನ ಹಗುರ ಗೋಡೆ, ಹೊರಗೆ ಚಾಚಿಕೊಂಡ ಪುಟ್ಟ ಕೋಣೆಗಳು.

ಆಮೇಲೆ ಒಳ ಅಂಗಳಕ್ಕೆ ಬನ್ನಿ. ನನ್ನ ಪ್ರಕಾರ ಇಡೀ ಕೋಟೆಯಲ್ಲಿ ಇದೇ ಮುಖ್ಯ ಜಾಗ, ಜನ ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಪ್ಲಾಟ್‌ಎಲ್ಟ್ಸ್ ಎಂಬ ಗೋಪುರ ಎಲ್ಲಕ್ಕಿಂತ ಹಳೆಯದು, ರೋಮನೆಸ್ಕ್, ಅಂದ್ರೆ ಗಾಥಿಕ್‌ಗೂ ಮುಂಚಿನ ಶೈಲಿಯ ಕಾಲದ್ದು. ರ‍್ಯೂಬೆನಾಖ್ ಮನೆ ಮುಗಿದದ್ದು 1472ರಲ್ಲಿ. ರೋಡೆನ್‌ಡಾರ್ಫ್ ಭಾಗ 1490ರಿಂದ 1540ರವರೆಗೆ. ಕೆಂಪೆನಿಖ್ ಮನೆ ಮುಗಿಯುವಾಗ 17ನೇ ಶತಮಾನದ ಮಧ್ಯಭಾಗ. ಪ್ರತಿ ತಲೆಮಾರೂ ತನ್ನ ಕಾಲದ ಶೈಲಿಯಲ್ಲೇ ಕಟ್ಟಿತು, ಹಳೆಯದನ್ನು ಕೆಡವಲಿಲ್ಲ.

ಒಳಗೆ ಗೈಡ್ ಜೊತೆಗೇ ಹೋಗಬೇಕು, ಫೋಟೋ ತೆಗೆಯುವಂತಿಲ್ಲ. ಪ್ರವಾಸ ಮುಕ್ಕಾಲು ಗಂಟೆಯೊಳಗೆ ಮುಗಿದುಹೋಗುತ್ತೆ, ಹಾಗಾಗಿ ಏನು ನೋಡಬೇಕು ಅಂತ ಮೊದಲೇ ಗೊತ್ತಿರಲಿ. ರ‍್ಯೂಬೆನಾಖ್ ಮನೆಯ ಮಲಗುವ ಕೋಣೆಯಲ್ಲಿ ಗೋಡೆಯಿಂದ ಹೊರಗೆ ಚಾಚಿದ ಪುಟ್ಟ ಪ್ರಾರ್ಥನಾ ಗೂಡು ಇದೆ. ದೇವರ ಜಾಗದ ಮೇಲೆ ಯಾರೂ ವಾಸ ಮಾಡಬಾರದು ಅನ್ನೋ ನಿಯಮಕ್ಕೆ ಕಂಡುಕೊಂಡ ಉಪಾಯ ಇದು: ಗೂಡು ಹೊರಗೆ, ಮೇಲೆ ಬರೀ ಆಕಾಶ. ಶೌಚಾಲಯಗಳನ್ನೂ ಗಮನಿಸಿ, ಸುಮಾರು ಇಪ್ಪತ್ತು ಇದ್ದವು, ಮಳೆನೀರಿನಿಂದ ತೊಳೆದುಹೋಗುವಂತೆ ಮಾಡಿದ್ದರು. ಮೂರೂ ಮನೆಯವರು ಸೇರುತ್ತಿದ್ದ ನೈಟ್‌ಗಳ (ಕುದುರೆ ಸವಾರಿ ಯೋಧರ) ಸಭಾಂಗಣದಲ್ಲಿ ಗೋಡೆಯ ಮೇಲೆ ವಿದೂಷಕರ ಮುಖಗಳು, ಬಾಗಿಲ ಮೇಲೊಂದು ಗುಲಾಬಿ. ಮುಖಗಳು ಹೇಳುತ್ತವೆ, ಇಲ್ಲಿ ಏನು ಬೇಕಾದರೂ ಮಾತಾಡಬಹುದು. ಗುಲಾಬಿ ಹೇಳುತ್ತದೆ, ಮಾತಾಡಿದ್ದು ಹೊರಗೆ ಹೋಗಬಾರದು. ದಾಯಾದಿಗಳ ಸಭೆಗೆ ಇದಕ್ಕಿಂತ ಒಳ್ಳೇ ನಿಯಮ ಬೇಕಾ?

ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಹೊರಬಂದು ಎದುರು ಗುಡ್ಡ ಹತ್ತಿ. ಅಲ್ಲಿ ಟ್ರುಟ್ಸ್‌ಎಲ್ಟ್ಸ್ ಎಂಬ ಪಾಳು ಕೋಟೆ ಇದೆ. 1331ರಲ್ಲಿ ಟ್ರಿಯರ್ ಸೀಮೆ ಆಳುತ್ತಿದ್ದ ಆರ್ಚ್‌ಬಿಷಪ್ (ಹಿರಿಯ ಧರ್ಮಗುರು) ಬಾಲ್ಡುಯಿನ್‌ಗೂ ಎಲ್ಟ್ಸ್‌ನವರಿಗೂ ಜಗಳ ಹತ್ತಿತು, ಆಗ ಅವನು ಇಲ್ಲಿ ಕೋಟೆ ಕಟ್ಟಿಸಿ ಕೆಳಗಿನವರ ಮೇಲೆ ಕಲ್ಲು ಎಸೆಸಿದ. 1336ರ ಹೊತ್ತಿಗೆ ಎಲ್ಟ್ಸ್‌ನವರು ಸೋತು ಅವನ ಅಧೀನರಾದರು, ಆದರೆ ಬುರ್ಗ್ ಎಲ್ಟ್ಸ್ ಉಳಿಯಿತು. 1688ರ ನಂತರ ಫ್ರೆಂಚ್ ಸೇನೆ ಈ ಸೀಮೆಯ ಕೋಟೆಗಳನ್ನು ಒಂದೊಂದಾಗಿ ಕೆಡವಿದಾಗಲೂ ಉಳಿಯಿತು, ಯಾಕಂದ್ರೆ ಅದೇ ಸೇನೆಯಲ್ಲಿ ಅಧಿಕಾರಿಯಾಗಿದ್ದ ಹಾನ್ಸ್ ಆಂಟನ್ ಇದೇ ಮನೆತನದವನು.

1815ರಲ್ಲಿ ಮೂರೂ ಪಾಲು ಕೆಂಪೆನಿಖ್ ಕವಲಿನ ಒಬ್ಬನ ಕೈಗೆ ಬಂತು. ಜರ್ಮನಿಯ ಹಳೇ 500 ಮಾರ್ಕ್ ನೋಟಿನ ಹಿಂಬದಿಯಲ್ಲಿ ಇದೇ ಕೋಟೆಯ ಚಿತ್ರ ಇತ್ತು. ಖಜಾನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಗೈಡ್ ಇಲ್ಲ, ಔಗ್ಸ್‌ಬುರ್ಗ್ ಮತ್ತು ನ್ಯೂರೆನ್‌ಬರ್ಗ್ ಅಕ್ಕಸಾಲಿಗರ ಕೆಲಸವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು.