ಹಂಪ್ ಇಳಿದಾಗ ಕಾರು ‘ಧಡ್’ ಅನ್ನುತ್ತಿದೆಯೇ? ಬುಷ್ ಬದಲಿಸುವುದು ಹೀಗೆ

ಹೊಸ ಬುಷ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಸೇರಿಸುವ ಕೀಲಿನಲ್ಲಿ ಅದುರು ತಡೆಯುವ ರಬ್ಬರ್) ಹಾಕಿಸಿ ನಾಲ್ಕೇ ತಿಂಗಳಿಗೆ ನನ್ನ ಹಳೆಯ ಆಲ್ಟೊದಲ್ಲಿ ಮತ್ತೆ ಅದೇ ಸದ್ದು ಶುರುವಾಯಿತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಒಂದೇ ಕಡೆಗೆ ತಿರುಚಿಕೊಂಡು ಹರಿದಿತ್ತು. ತಪ್ಪಿದ್ದದ್ದು ಬೋಲ್ಟ್ ಬಿಗಿ ಮಾಡಿದ ರೀತಿಯಲ್ಲಿ. ಆಮೇಲೆ ವಿಜಯಪುರದಲ್ಲಿ ಎಷ್ಟೋ ಕಾರುಗಳಿಗೆ ಹೀಗೇ ಆಗಿದ್ದನ್ನು ನೋಡಿದ್ದೇನೆ.

ನಮ್ಮ ಕಡೆ ಬುಷ್‌ಗೆ ಕೆಲಸ ಜಾಸ್ತಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಓಡಾಡಿದವರಿಗೆ ಅಲ್ಲಿನ ತಗ್ಗುಗಳು ಗೊತ್ತೇ ಇವೆ.

1. ಸದ್ದು ಹುಡುಕಿ

ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಪಾನಾ ಎಲ್ಲ ಹೊರಗಿರಲಿ. ಕಿಟಕಿ ಇಳಿಸಿ ನಿಧಾನವಾಗಿ ಓಡಿಸಿ. ಬ್ರೇಕ್ ಒತ್ತಿದಾಗ ಅಥವಾ ಹಂಪ್ ಇಳಿದಾಗ ‘ಧಡ್’ ಅಂದರೆ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಬುಷ್ ನೋಡಿ. ಸಣ್ಣ ಕಲ್ಲುಗಳ ಮೇಲೆ ‘ಟಕಟಕ’ ಅಂದರೆ ಸ್ಟೆಬಿಲೈಸರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಬುಷ್ ಇರಬಹುದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ‘ಕರ್’ ಎಂದರೆ ಶಾಕ್ಸ್ ಮೇಲಿನ ಮೌಂಟ್. ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ‘ಕಟ್ ಕಟ್’ ಬಂದರೆ ಅದು ಆಕ್ಸಲ್ ಜಾಯಿಂಟ್, ಬುಷ್ ಬದಲಿಸಿ ಪ್ರಯೋಜನವಿಲ್ಲ.

ಹಳೇ ಮಂಚದಂತೆ ‘ಕಿರ್’ ಅನ್ನುತ್ತಿದ್ದರೆ ಒಂದೊಂದೇ ಬುಷ್‌ಗೆ ಸೋಪಿನ ನೀರು ಚಿಮುಕಿಸಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಂತಿತೋ ಅದೇ. ಆಯಿಲ್, ಡೀಸೆಲ್ ಮಾತ್ರ ಬೇಡವೇ ಬೇಡ. ಎರಡು ದಿನ ಸದ್ದು ನಿಲ್ಲುತ್ತದೆ, ಆಮೇಲೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಟಯರ್ ಟ್ಯೂಬಿನ ತುಂಡು ತುರುಕಿ ಕಳಿಸುವವರೂ ಇದ್ದಾರೆ. ಒಪ್ಪಬೇಡಿ.

2. ಅಳತೆ ತೆಗೆದುಕೊಳ್ಳಿ

ಕಾರು ಸಮತಟ್ಟು ನೆಲದಲ್ಲಿ ನಿಂತಿರುವಾಗಲೇ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಬರೆದಿಡಿ. ಇದರ ಉಪಯೋಗ ಐದನೇ ಹಂತದಲ್ಲಿ.

3. ಎತ್ತಿ, ಬಿಚ್ಚಿ

ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಕೆಳಗೆ ದಪ್ಪ ಹಲಗೆ ಇರಲಿ. ಅಂಗಳದ ಮಣ್ಣಿನಲ್ಲಿ ಜಾಕ್ ಕುಸಿಯುತ್ತದೆ, ಫರ್ಸಿ ಒಡೆಯುತ್ತದೆ. ಸ್ಟ್ಯಾಂಡ್ ಇಡದೆ ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಚಕ್ರ ತೆಗೆದು ಆರ್ಮ್ ಬಿಚ್ಚಿ.

4. ಹಳೆಯದು ತೆಗೆದು ಹೊಸದು ಕೂರಿಸಿ

ಇದಕ್ಕೆ ಪ್ರೆಸ್ (ಒತ್ತಿ ಕೂರಿಸುವ ಯಂತ್ರ) ಇರುವ ಅಂಗಡಿಗೇ ಹೋಗಿ. ಸುತ್ತಿಗೆಯಿಂದ ಬಡಿದರೆ ಹೊರಗಿನ ಕೊಳವೆ ಸೊಟ್ಟಗಾಗುತ್ತದೆ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕಂತಲೇ ಖಾಲಿ ಜಾಗ ಬಿಟ್ಟಿರುತ್ತಾರೆ. ಅದು ಯಾವ ದಿಕ್ಕಿಗಿತ್ತು ಎಂದು ತೆಗೆಯುವ ಮೊದಲೇ ಆರ್ಮ್ ಮೇಲೆ ಬಣ್ಣದಿಂದ ಗುರುತು ಹಾಕಿ. ಎರಡೂ ಕಡೆಯದನ್ನು ಒಟ್ಟಿಗೇ ಬದಲಿಸಿ. ಪಾಲಿಯುರಿಥೇನ್ ಬುಷ್ ಬಿಗಿಯಾಗಿದೆ ಎಂದು ಹೊಗಳುವವರಿದ್ದಾರೆ. ನಮ್ಮ ರಸ್ತೆಗೆ ಕಂಪನಿಯ ರಬ್ಬರೇ ಸರಿ. ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯಲ್ಲಿ ಚಕ್ರದ ಕಡೆ ಇರುವ ಗುಂಡು ಕೀಲು) ಕೂಡ ಸಡಿಲವಾಗಿದ್ದರೆ ಇಡೀ ಆರ್ಮ್ ಹೊಸದು ತನ್ನಿ.

5. ಬೋಲ್ಟ್ ಬಿಗಿ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ಬುಷ್ ಅಂದರೆ ಹೊರಗೊಂದು ಕೊಳವೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿಯಾದರೆ ಒಳಗಿನ ಕೊಳವೆ ಕಾರಿನ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರೇ ತಿರುಚಿಕೊಳ್ಳಬೇಕು. ಆರ್ಮ್ ನೇತಾಡುತ್ತಿರುವಾಗ ಬಿಗಿ ಮಾಡಿದಿರಿ ಅಂದುಕೊಳ್ಳಿ. ಕಾರು ಕೆಳಗಿಳಿದ ಕೂಡಲೇ ರಬ್ಬರ್ ಪೂರ್ತಿ ತಿರುಚಿ ಹಾಗೇ ನಿಲ್ಲುತ್ತದೆ. ಮೊದಲ ತಗ್ಗಿಗೇ ಹರಿಯಲು ಶುರು.

ಹಾಗಾಗಿ ಬೋಲ್ಟ್‌ಗಳನ್ನು ಮೊದಲು ಕೈಯಲ್ಲಷ್ಟೇ ತಿರುಗಿಸಿ ಬಿಡಿ. ಕಾರು ಸ್ಟ್ಯಾಂಡ್ ಮೇಲೇ ಇರಲಿ. ಇನ್ನೊಂದು ಜಾಕನ್ನು ಆರ್ಮ್‌ನ ಹೊರತುದಿಗೆ, ಬಾಲ್ ಜಾಯಿಂಟ್ ಹತ್ತಿರ ಕೊಟ್ಟು ನಿಧಾನವಾಗಿ ಎತ್ತಿ. ಚಕ್ರ ಕೂರುವ ಹಬ್‌ನ ನಡುವಿನಿಂದ ಮಡ್‌ಗಾರ್ಡ್‌ವರೆಗೆ ನೀವು ಬರೆದಿಟ್ಟ ಅಳತೆ ಬರುತ್ತಲೇ ನಿಲ್ಲಿಸಿ. ಅಷ್ಟರೊಳಗೆ ಕಾರು ಸ್ಟ್ಯಾಂಡ್ ಬಿಟ್ಟು ಏಳುತ್ತಿದ್ದರೆ ಮುಂದೆ ಎತ್ತಬೇಡಿ; ಚಕ್ರ ಹಾಕಿ ಕಾರನ್ನು ನೆಲಕ್ಕಿಳಿಸಿ, ಭಾರ ಚಕ್ರಗಳ ಮೇಲೆ ಬಿದ್ದ ಮೇಲೆ ಅಲ್ಲೇ ಬಿಗಿ ಮಾಡಿಸಿ. ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ (ಬಿಗಿ ಮಾಡುವ ಬಲ) ಸಾಕು. ಗ್ಯಾರೇಜಿಗೆ ಕೊಟ್ಟಿದ್ದರೂ ಈ ಹೊತ್ತಿಗೆ ಪಕ್ಕದಲ್ಲಿ ನಿಂತಿರಿ. ‘ಅಣ್ಣಾ, ಭಾರ ಬಿದ್ದ ಮೇಲೆ ಟೈಟ್ ಮಾಡ್ರಿ’ ಅಂದರೆ ಬಲ್ಲ ಮಿಸ್ತ್ರಿಗೆ ಅರ್ಥವಾಗುತ್ತದೆ.

6. ಅಲೈನ್‌ಮೆಂಟ್

ಅಂದರೆ ಚಕ್ರಗಳ ದಿಕ್ಕು ಸರಿಪಡಿಸುವುದು. ತಪ್ಪದೆ ಮಾಡಿಸಿ. ಆಮೇಲೆ ಮೊದಲ ದಿನ ‘ಧಡ್’ ಅಂದ ಅದೇ ಹಂಪ್ ಮೇಲೆ, ಅಷ್ಟೇ ನಿಧಾನವಾಗಿ, ಕಿಟಕಿ ಇಳಿಸಿ ಹೋಗಿ ಕೇಳಿ.