ಚಿಲ್ಲರ್ ಇಲ್ಲದೆ ಸಕಲೇಶಪುರದಲ್ಲಿ ಸೆವೆಲಿಯಾ ಮರಿ ಮಾಡಿಸಿದ್ದು

ಏಪ್ರಿಲ್ ಸೆಕೆಯಲ್ಲಿ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲದೆ ಹಿಲ್‌ಸ್ಟ್ರೀಮ್ ಲೋಚ್, ಅಂದರೆ ಜೋರು ಹರಿವಿನ ಹಳ್ಳದಲ್ಲಿ ಕಲ್ಲಿಗೆ ಅಂಟಿ ಬದುಕುವ ಸಣ್ಣ ಮೀನು, ಉಳಿಯಲ್ಲ ಅಂತ ಮೀನು ಸಾಕುವ ಗೆಳೆಯರೆಲ್ಲ ಹೇಳಿದ್ದರು. ಈಗ ನನ್ನ ಮೂರಡಿ ಟ್ಯಾಂಕಿನಲ್ಲಿ ಮರಿಗಳು ಓಡಾಡುತ್ತಿವೆ. ನಮ್ಮ ಕಡೆ ಇದನ್ನು ಮಾಡಿದವರು ನನಗೆ ಇನ್ನೂ ಸಿಕ್ಕಿಲ್ಲ.

ನನ್ನ ಲೋಚ್ ಸೆವೆಲಿಯಾ ಲೀನಿಯೊಲೇಟಾ, ವಿಯೆಟ್ನಾಂ ಕಡೆಯದು. ನಮ್ಮ ಘಟ್ಟದ ಹಳ್ಳಗಳಲ್ಲಿ ಇದರ ದಾಯಾದಿ ಭವಾನಿಯಾ ಆಸ್ಟ್ರಾಲಿಸ್ ಇದೆ. ಅದನ್ನು ಹಳ್ಳದಲ್ಲೇ ನೋಡಿ, ಹಿಡಿದು ತರಬೇಡಿ.

ಮೊದಲ ಬ್ಯಾಚ್ ಬೆಂಗಳೂರಿನಿಂದ ಬಂತು, ಒಂದಕ್ಕೆ 400 ರೂಪಾಯಿ ಹತ್ತಿರ. ಒಂದೂ ಉಳಿಯಲಿಲ್ಲ. ನೀರಿನ ಟೆಸ್ಟ್ ಎಲ್ಲ ಸರಿ ಇತ್ತು. ಸತ್ತ ಮೀನನ್ನು ಅಂಗೈ ಮೇಲೆ ಮಗುಚಿ ನೋಡಿದೆ. ಹೊಟ್ಟೆ ಒಳಕ್ಕೆ ಅಂಟಿತ್ತು. ಸೆಕೆಯಲ್ಲ, ಹಸಿವು. ಎರಡನೇ ಸಲ ಅಂಗಡಿಯಲ್ಲಿ ಗಾಜಿಗೆ ಅಂಟಿದ ಮೀನಿನ ಹೊಟ್ಟೆ ನೋಡಿ ನೋಡಿಯೇ ಆರಿಸಿದೆ. ಆಗ ಮಳೆ ಶುರುವಾಯಿತು. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ಮನೆ ಇನ್ವರ್ಟರ್ ರಾತ್ರಿ ಕೈಕೊಟ್ಟಿತು. ನೀರು ತಣ್ಣಗೇ ಇತ್ತು. ಆದರೂ ಅರ್ಧ ಮೀನು ಹೋದವು, ಹರಿವು ನಿಂತಿತ್ತಲ್ಲ.

ಲೆಕ್ಕ ನೋಡಿ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 27ರಲ್ಲಿ 8ರ ಹತ್ತಿರ. ಆ ಒಂದು ಮಿಲಿಗ್ರಾಂಗೆ ಮೂವತ್ತು ಸಾವಿರದ ಚಿಲ್ಲರ್ ಬೇಕಾ? ನೀರು ಜೋರಾಗಿ ಹರಿದರೆ ಗಾಳಿಯಿಂದ ಆಮ್ಲಜನಕ ಸೇರುತ್ತಲೇ ಇರುತ್ತದೆ. ಅದಕ್ಕೇ ಗಂಟೆಗೆ 1,500 ಲೀಟರಿನ ಎರಡು ಪಂಪ್ ಕೂರಿಸಿದೆ. ಎದುರು ತುದಿಯಲ್ಲಿ ನೀರು ಎಳೆದುಕೊಳ್ಳುವ ಸ್ಪಂಜು, ಅಲ್ಲಿಂದ ಪಂಪಿಗೆ ಪಿವಿಸಿ ಪೈಪು. ಒಂದು ಪಂಪಿಗೆ ಬೇರೆಯೇ ಬ್ಯಾಟರಿ. ಮೇಲೊಂದು ಫ್ಯಾನ್, ಅದರಿಂದ ಎರಡು ಡಿಗ್ರಿ ಇಳಿಯುತ್ತದೆ. ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು.

ಊಟ ಕಾಫಿ ಕಣದಲ್ಲಿ ತಯಾರಾಗುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಉರುಟು ಕಲ್ಲು, ಮೇಲೆ ಬಿಸಿಲು. ಪಾಚಿ ಹಿಡಿದ ಕಲ್ಲು ಟ್ಯಾಂಕಿಗೆ, ನೆಕ್ಕಿ ಮುಗಿಸಿದ ಕಲ್ಲು ವಾಪಸ್ ಟಬ್ಬಿಗೆ. ಕಂದು ಪಾಚಿ ಬೇಗ ಬರಲು ಟಬ್ಬಿಗೆ ಹಾಕುವ ವಸ್ತು ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸುಮ್ನೆ ಒಣಗಿದ ಸಿಲ್ವರ್ ಓಕ್ ಎಲೆಯನ್ನೂ ಹಾಕಿ ನೋಡಿದೆ. ಟ್ಯಾಂಕಿನ ಸೀಗಡಿ ತಿಂದವು, ಲೋಚ್ ಮೂಸಲೂ ಇಲ್ಲ. ಬೇಯಿಸಿದ ಸೌತೆಕಾಯಿ ಪರವಾಗಿಲ್ಲ.

ಮೊಟ್ಟೆ ಕಣ್ಣಿಗೆ ಬೀಳಲೇ ಇಲ್ಲ. ಒಂದು ಬೆಳಿಗ್ಗೆ ಪಂಪಿನ ಬಾಯಿಯ ಹತ್ತಿರ, ಗಾಜಿನ ಮೇಲೆ, ಸೆಂಟಿಮೀಟರೂ ಇಲ್ಲದ ಮರಿ ಕಂಡಿತು. ಅಡಿಯಿಂದ ನೋಡಿದರೆ ಬಾಯಿ ಪಾಚಿ ಕೆರೆಯುವುದು, ರೆಕ್ಕೆಯ ಹಿಂದಿನ ಅಂಚು ಅದುರುವುದು ಎಲ್ಲ ಕಾಣುತ್ತಿತ್ತು. ಅಷ್ಟು ಸಣ್ಣದು ಅಷ್ಟು ಜೋರು ನೀರಿನಲ್ಲಿ ಒಂದಿಷ್ಟೂ ಜಾರಲಿಲ್ಲ. ಈಗ ಹದಿನೈದರ ಮೇಲಿವೆ.

ಐದು ಮರಿ ಹಾಸನದ ಗೆಳೆಯನಿಗೆ ಕೊಡುತ್ತಿದ್ದೇನೆ. ಅವನದು ಬೋರ್‌ವೆಲ್ ನೀರು, ಗಡಸು ಜಾಸ್ತಿ. ಅಲ್ಲೂ ಉಳಿದರೆ ಮುಂದಿನ ಬೇಸಿಗೆಗೆ ನನ್ನ ಫ್ಯಾನನ್ನೂ ತೆಗೆದು ನೋಡುತ್ತೇನೆ.